ಎರಡು ರಿಂಗು

ಪ್ರಗತಿಯ ಹೆಣ ಇನ್ನೂ ಕಾರವಾರದ ಆಸ್ಪತ್ರೆಯಲ್ಲಿದ್ದಾಗಲೇ, ಕರೆಂಟಿನ ಇಲಾಖೆಯವರು ಬೆಳಂಬಾರದ ಕಡಲಕೇರಿಗೆ ಜೀಪಿನಲ್ಲಿ ಬಂದು, ಕಂಬದಿಂದ ಅವಳ ಮನೆಗೆ ಎಳೆದಿದ್ದ ಹಳೇ ವಾಯರನ್ನು ಬಿಚ್ಚಿ, ಹೊಸದನ್ನು ಕಟ್ಟಿ, ಹಳೇದನ್ನು ಸುತ್ತಿ ಜೀಪಿಗೆ ಹಾಕಿಕೊಂಡು ಹೋದರು.

ಮನೆಯಲ್ಲಿ ಯಾರೂ ಇರಲಿಲ್ಲ. ತಾಯಿ ಕಾಶಿ, ತಂದೆ ರಾಮಾ ಇಬ್ಬರೂ ಕಾರವಾರದಲ್ಲಿ ಮಗಳನ್ನು ಕೊಯ್ಯುವ ಕೋಣೆಯ ಹೊರಗೆ ಗೋಡೆಗೆ ಒರಗಿ ಕೂತಿದ್ದರು. ಜೀಪು ಬಂದದ್ದನ್ನು ನೋಡಿದವಳು ಪಕ್ಕದ ಮನೆಯ ದುರ್ಗಿ. "ಎಂತಕೆ ಬಿಚ್ತ್ರಿ?" ಎಂದು ಕೇಳಿದ್ದಕ್ಕೆ ಏಣಿಯ ಮೇಲಿದ್ದವನು, "ನಿಮ್ಮ ಒಳ್ಳೇದಕ್ಕೇ ಮಾರಾಯ್ತಿ, ಒಳಗೆ ಹೋಗು" ಎಂದ. ದುರ್ಗಿ ಒಳಗೆ ಹೋದಳು. ಸರ್ಕಾರದ ಜೀಪಿನವರು ಒಳಗೆ ಹೋಗು ಅಂದರೆ ಆ ಕೇರಿಯವರು ಹೋಗುತ್ತಾರೆ.

ಮರುದಿನ ಪೇಪರಿನಲ್ಲಿ ಬಂತು: ಮೊಬೈಲ್ ಶಾಕ್‌ಗೆ ಯುವತಿ ಬಲಿ. ಹುಡುಗಿ ಮೊಬೈಲನ್ನು ಚಾರ್ಜಿಗೆ ಹಾಕಿದ್ದಳಂತೆ, ಕೈ ಒದ್ದೆಯಿತ್ತಂತೆ, ಆಗ ಕರೆ ಬಂತಂತೆ, ಎತ್ತಿದಳಂತೆ, ಕರೆಂಟು ಹೊಡೆಯಿತಂತೆ. ಇಲಾಖೆಯವರು ಹೇಳಿದ್ದನ್ನು ಪೊಲೀಸರು ಹೇಳಿದರು, ಪೊಲೀಸರು ಹೇಳಿದ್ದನ್ನು ಪೇಪರಿನವರು ಬರೆದರು, ಪೇಪರಿನಲ್ಲಿ ಬಂದದ್ದನ್ನು ಊರು ಓದಿತು. ನಾಲ್ಕು ಬಾಯಿ ದಾಟುವಷ್ಟರಲ್ಲಿ 'ಅಂತೆ' ಎಲ್ಲೋ ಉದುರಿಹೋಗಿ, ಮಾತು ನಿಜವಾಗಿ ಕೂತಿತು.

ಹಾಗೆ ನಿಜವಾಗಿ ಕೂತ ಮಾತು ಬಂದು ತಾಗಿದ್ದು ಒಬ್ಬನಿಗೆ. ಆ ಕರೆ ಮಾಡಿದವನು ರಾಮಾ.

ಮೊಬೈಲು ಆಗ ಸಾಹುಕಾರರ ಕೈಯಿಂದ ಇಳಿದು ಮೀನು ಹಿಡಿಯುವವರ ಕೊರಳಿಗೆ ಬಂದ ಹೊಸತು. ಕೊರಳಿಗೆ ಅಂದರೆ ಕೊರಳಿಗೇ. ಉಪ್ಪುನೀರು ತಾಗಬಾರದೆಂದು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ, ಬಾಯಿಗೆ ರಬ್ಬರು ಬಿಗಿದು, ತಾಯಿತದ ಹಾಗೆ ಕಟ್ಟಿಕೊಳ್ಳುತ್ತಿದ್ದರು. ರಾಮನ ಮನೆಯಲ್ಲಿ ಎರಡಿದ್ದವು, ಎರಡೂ ಯಾರೋ ಬಳಸಿ ಬಿಟ್ಟವು; ಒಂದು ದೋಣಿಗೆ, ಒಂದು ಮನೆಗೆ. ಮಾತಾಡಿದರೆ ದುಡ್ಡು ಹೋಗುತ್ತದೆ ಎಂದು ಪ್ರಗತಿಯೇ ಒಂದು ಉಪಾಯ ಮಾಡಿಕೊಟ್ಟಿದ್ದಳು. ದೋಣಿ ದಡಕ್ಕೆ ಹತ್ತಿರವಾದಾಗ ಬಾಬಾ, ಅಂದರೆ ಅಪ್ಪ, ಕರೆ ಮಾಡಿ ಕೂಡಲೇ ಕತ್ತರಿಸಿ ರಿಂಗು ಕೊಡಬೇಕು, ಇವಳು ಎತ್ತಬಾರದು. ಒಂದು ರಿಂಗು ಅಂದರೆ ಬಲೆ ಖಾಲಿ, ಯಾರೂ ಬರುವುದು ಬೇಡ. ಎರಡು ರಿಂಗು ಅಂದರೆ ಭರ್ತಿ, ಬುಟ್ಟಿ ಹಿಡಿದುಕೊಂಡು ಓಡಿ ಬನ್ನಿ.

"ಮೂರು ಕೊಟ್ರೆ?" ಎಂದು ರಾಮಾ ಕೇಳಿದ್ದ.

"ಮೂರು ಕೊಟ್ರೆ ನಿಮ್ಗೆ ಹಸಿವಾಗ್ಯದೆ ಅಂತ. ಆಯಿ ಅನ್ನಕ್ಕೆ ಇಡ್ತ್ಳು" ಎಂದಿದ್ದಳು ಮಗಳು.

ಆ ದಿನ ಬೆಳಿಗ್ಗೆ ಮಳೆಗಾಲಕ್ಕೆ ಮೊದಲಿನ ಒಂದು ಅಡ್ಡಮಳೆ ಹನಿಸಿ ಹೋಗಿತ್ತು. ಕಾಶಿ ಒಣಮೀನಿನ ಬುಟ್ಟಿ ಹೊತ್ತು ಅಂಕೋಲೆಯ ಪೇಟೆಗೆ ಹೋಗಿದ್ದಳು. ರಾಮನ ದೋಣಿಗೆ ಆ ಹಂಗಾಮಿನಲ್ಲಿ ಕಾಣದಷ್ಟು ಬಂಗಡೆ ಬಿದ್ದಿತ್ತು. ಅಂಚಿನವರೆಗೆ ನೀರು ಬಂದ ದೋಣಿಯಲ್ಲಿ, ಮೊಣಕಾಲುದ್ದ ಮೀನಿನ ನಡುವೆ ನಿಂತು, ನಗುತ್ತ ಎರಡು ರಿಂಗು ಕೊಟ್ಟ. ದಡಕ್ಕೆ ಬಂದರೆ ಬುಟ್ಟಿಯೂ ಇಲ್ಲ, ಮಗಳೂ ಇಲ್ಲ. ಬಿಸಿಲೇರಿತು. ಕಾಗೆ ಬಂತು. "ಎಲ್ ಹೋಗಿ ಸತ್ತ್ಳೋ ಇವ್ಳು" ಎಂದು ಬೈದ. ಬೈದು ಬಾಯಿ ಮುಚ್ಚುವ ಮೊದಲೇ ದಡದ ಮರಳು ಹೊಯಿಗೆಯ ಮೇಲೆ ದುರ್ಗಿ ಸೆರಗು ಜಾರಿದ್ದೂ ಗೊತ್ತಿಲ್ಲದೆ ಓಡಿ ಬರುವುದು ಕಂಡಿತು.

ಆ ಬಂಗಡೆಯನ್ನು ಯಾರೂ ಬಾಯಿಗಿಡಲಿಲ್ಲ. ಯಾರು ಅದನ್ನು ಸಮುದ್ರಕ್ಕೆ ಹಿಂದಕ್ಕೆ ಸುರಿದರೆಂದು ರಾಮನಿಗೆ ಗೊತ್ತಿಲ್ಲ.

ಆಸ್ಪತ್ರೆಯ ಅಂಗಳದಲ್ಲಿ ಯಾರೋ ಕಾಶಿಯ ಕಿವಿಗೆ ಹಾಕಿದರು: ಮೊಬೈಲಂತೆ, ಫೋನು ಬಂದದ್ದೇ ತಡವಂತೆ. ಮದುವೆಯಾದಾಗಿನಿಂದ ಗಂಡನಿಗೆ 'ನೀವು' ಎಂದೇ ಅಂದವಳು, ಆ ಗಳಿಗೆಯಲ್ಲಿ ಅವನ ಅಂಗಿಯ ಎದೆ ಹಿಡಿದು, "ನೀನು ರಿಂಗ್ ಕೊಡ್ದೇ ಇದ್ರೆ ನನ್ನ ಮಗು ಇರ್ತಿತ್ತು. ನೀನೇ ತೆಗ್ದೆ ಅದ್ನ" ಎಂದಳು. ರಾಮಾ ಇಲ್ಲ ಅನ್ನಲಿಲ್ಲ. ಅಂಗಿ ಬಿಡಿಸಿಕೊಳ್ಳಲೂ ಇಲ್ಲ. ಅವಳು ಎಳೆದಾಡಿದ ಹಾಗೆಲ್ಲ ಗಾಳಕ್ಕೆ ಸಿಕ್ಕ ಮೀನಿನಂತೆ ಆಚೆ ಈಚೆ ವಾಲಿದ. ಊರಿಗೆ ಬಂದವನೇ ಕೊರಳಿನಿಂದ ಕೊಟ್ಟೆ ಸಮೇತ ಮೊಬೈಲನ್ನು ಕಿತ್ತು ನೀರಿಗೆಸೆದ. ಅಂದಿನಿಂದ ಬಾಯಿ ಬಿಡಲಿಲ್ಲ. ಕಡಲಿಗೆ ಇಳಿಯಲಿಲ್ಲ. ದಡದಲ್ಲಿ ಮಗುಚಿ ಹಾಕಿದ ದೋಣಿಯ ನೆರಳಿನಲ್ಲಿ ಕೂತ. ಊಟದ ಹೊತ್ತಿಗೆ ಕಾಶಿ ತಟ್ಟೆ ಇಟ್ಟು ಬರುತ್ತಿದ್ದಳು, ಮುಖ ನೋಡುತ್ತಿರಲಿಲ್ಲ.

ಕೇರಿ ಮಾತ್ರ ಮೊಬೈಲಿಗೆ ಹೆದರಿತು. ಪ್ರಗತಿಯ ಫೋನನ್ನು ಯಾರೋ ಕೋಲಿನಿಂದ ನೂಕಿ ಅಂಗಳದ ಮೂಲೆಗೆ ತಂದು ಮಡಕೆ ಬೋರಲು ಹಾಕಿ ಮುಚ್ಚಿದ್ದರು, ಚೇಳನ್ನು ಮುಚ್ಚಿದ ಹಾಗೆ. ಕೇರಿಯವನೇ ಆದ ಬೀರು ತನಗೆ ಫೋನು ಬಂದರೆ ಮರದ ಮಣೆ ಹುಡುಕಿ, ಅದರ ಮೇಲೆ ಹತ್ತಿ ನಿಂತೇ "ಹಲೋ" ಅನ್ನುತ್ತಿದ್ದ. ಮುದುಕಿ ಹೊನ್ನು ರಬ್ಬರ್ ಚಪ್ಪಲಿ ಹಾಕದೆ ಮೊಬೈಲಿನ ಹತ್ತಿರ ಸುಳಿಯುತ್ತಿರಲಿಲ್ಲ.

"ಹೊನ್ನಕ್ಕ, ದೇವ್ರ ಕೋಣೆಗೂ ಚಪ್ಪಲಿ ಹಾಕ್ಕಂಡೇ ಹೋಗ್ತ್ಯಲೆ, ಪಾಪ ಬರ್ತದೆ" ಎಂದು ಯಾರಾದರೂ ಅಂದರೆ,

"ಮೊಬೈಲ್ ಅಲ್ಲೇ ಇಟ್ಟದೆ ಮಾರಾಯಾ. ದೇವ್ರು ಬೇಕಾರೆ ಸಿಟ್ಟು ಮಾಡ್ಕಣ್ಲಿ, ಕೊಲ್ಲೂದಿಲ್ಲ" ಎನ್ನುತ್ತಿದ್ದಳು.

ನಗು ಬಂದರೂ ಯಾರೂ ಜೋರಾಗಿ ನಗುತ್ತಿರಲಿಲ್ಲ. ಕಾಶಿಯ ಮನೆ ಅಲ್ಲೇ ಇತ್ತಲ್ಲ.

ಹೀಗಿರುವಾಗ ಪಂಚಾಯ್ತಿ ಮೆಂಬರು ನಿತೇಶ ಬಂದ. ಬೈಕನ್ನು ದೂರವೇ ನಿಲ್ಲಿಸಿ, ಚಪ್ಪಲಿ ಬಿಟ್ಟು, ಸಾವಿನ ಮನೆಗೆ ಬರುವ ಮುಖ ಮಾಡಿಕೊಂಡು ಬಂದ. ಕಾಶಿ ಜಗಲಿಯಲ್ಲಿ ಕೂತಿದ್ದಳು. ರಾಮಾ ಆಗಷ್ಟೇ ದಡದಿಂದ ಬಂದು ಹಿತ್ತಿಲಿನ ಬಾಗಿಲಲ್ಲಿ ನಿಂತಿದ್ದ.

"ಕಾಶಕ್ಕ, ಇಲಾಖೆಯವ್ರು ಶಾಲೇಲಿ ಒಂದು ಸಭೆ ಮಾಡ್ತ್ರು. ಮೊಬೈಲಿನ ಬಗ್ಗೆ ಜನರಿಗೆ ತಿಳುವಳಿಕೆ ಕೊಡೂಕೆ. ಅಂಕೋಲೆಯಿಂದ ಸಾಹೇಬ್ರೇ ಬರ್ತ್ರು. ನೀನೂ ಒಂದೆರಡು ಮಾತು ಹೇಳ್ಬೇಕು."

"ನಾ ಎಂತ ಹೇಳೂದು?"

"ಆದದ್ದೇ. ನಮ್ಮ ಹುಡುಗಿ ಮೊಬೈಲಿಂದ ಹೋದ್ಲು, ನೀವ್ಯಾರೂ ಹಂಗೆ ಮಾಡ್ಬೇಡಿ ಅಂತ. ತಾಯಿ ಬಾಯಿಂದ ಬಂದ್ರೆ ಜನಕ್ಕೆ ನಾಟ್ತದೆ." ಆಮೇಲೆ ದನಿ ತಗ್ಗಿಸಿದ. "ಅಷ್ಟು ಹೇಳಿದ್ರೆ ಇಡೀ ಕೇರಿಗೆ ಹೊಸ ವಾಯರ್ ಹಾಕಿಸ್ಕೊಡ್ತೆ ಅಂದಾರೆ ಸಾಹೇಬ್ರು. ಹೇಳದೆ ಇದ್ರೆ ಮತ್ತೆ ತನಿಖೆ ಅಂತ ಬಂದು, ಯಾರ ಮನೆ ಮೀಟರ್ ಸಮ ಇಲ್ಲ, ಯಾರು ಕೊಕ್ಕೆ ಹಾಕ್ಕಂಡಾರೆ, ಎಲ್ಲಾ ನೋಡ್ತ್ರು. ಸುಮ್ನೆ ಎಲ್ಲರಿಗೂ ತೊಂದ್ರೆ."

ವಾಯರಿನಿಂದ ಸತ್ತಿಲ್ಲ ಎಂದಾದರೆ ವಾಯರನ್ನು ಬದಲಿಸುವ ಔದಾರ್ಯ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಇದೇ ಜಿಲ್ಲೆಯ ಕದ್ರಾದಲ್ಲಿ ಕಾಳಿ ನದಿಯನ್ನು ಕಟ್ಟಿ ಹಾಕಿ ಕರೆಂಟು ತೆಗೆಯುತ್ತಾರೆ. ಅದು ದೊಡ್ಡ ದೊಡ್ಡ ಗೋಪುರಗಳ ಮೇಲೆ ಕಾಡು ಹಾರಿ, ಊರು ಹಾರಿ ಹೋಗಿ, ಪೇಟೆಗಳನ್ನೆಲ್ಲ ಬೆಳಗಿ, ಕಡೆಗೆ ಕಡಲಕೇರಿಗೆ ಬರುವಾಗ ತೇಪೆ ಹಾಕಿದ ವಾಯರಿನಲ್ಲಿ ಕುಂಟುತ್ತ ಬರುತ್ತದೆ. ಮಳೆ ಬಂದರೆ ತಗಡಿನ ಮಾಡಿನ ಮೇಲೆ ಕಿಡಿ ಹಾರುತ್ತದೆಂದು ಹೆಂಗಸರು ಲೈನ್‌ಮನ್ನಿಗೆ ಹೇಳಿದ್ದರು. "ನೋಡ್ವಾ, ಮಳೆಗಾಲ ಮುಗೀಲಿ" ಎಂದಿದ್ದ ಅವನು. ಒಂದು ಮಳೆಗಾಲ ಮುಗಿದು ಇನ್ನೊಂದು ಬಾಗಿಲಿಗೆ ಬಂದಿತ್ತು.

ಕಾಶಿ ನೆಲ ಕೆರೆಯುತ್ತ ಕೂತಳು. ಹಿತ್ತಿಲಿನ ಬಾಗಿಲಿನಿಂದ ದನಿ ಬಂತು.

"ನಾ ಹೇಳ್ತೆ."

ಮಗಳು ಸತ್ತ ಮೇಲೆ ರಾಮಾ ಆಡಿದ ಮೊದಲ ಮಾತು ಅದು. ಒಡೆದ ಕೊಳವೆಯಿಂದ ಗಾಳಿ ಬಂದ ಹಾಗೆ ಬಂತು.

"ಕಾಲ್ ಮಾಡ್ದವ ನಾನು. ನಾನೇ ಹೇಳ್ತೆ. ಎಲ್ಲರ ಮುಂದೆ ಹೇಳ್ತೆ."

ನಿತೇಶನಿಗೆ ಖುಷಿಯೋ ಖುಷಿ. "ಅದೂ ಚಲೋ. ತಂದೆನೇ ಹೇಳಿದ್ರೆ ಮತ್ತೂ ನಾಟ್ತದೆ" ಎಂದು ಬೈಕು ಹತ್ತಿದ. ಕಾಶಿ ಬಹಳ ದಿನಗಳ ಮೇಲೆ ಗಂಡನ ಮುಖ ನೋಡಿದಳು. ಶಿಕ್ಷೆ ಕೊಡುವವರು ಯಾರಾದರೂ ಸಿಕ್ಕಾರೆಂದು ಕಾಯುತ್ತಿದ್ದವನಿಗೆ ಕಡೆಗೂ ಕರೆ ಬಂದಂತಿತ್ತು ಆ ಮುಖ. ತಾನು ಆಸ್ಪತ್ರೆಯ ಅಂಗಳದಲ್ಲಿ ಆಡಿದ ಮಾತನ್ನೇ ಅವನು ಇನ್ನು ಊರ ಮುಂದೆ, ಮೈಕಿನಲ್ಲಿ ಆಡುವವನಿದ್ದ.

ಅವತ್ತೇ ಮಧ್ಯಾಹ್ನ ದುರ್ಗಿ ಬಂದಳು. ಬಾಗಿಲ ಹೊರಗೇ ನಿಂತು ಸೆರಗಿನ ಗಂಟು ಬಿಚ್ಚಿದಳು. ಒಳಗಿದ್ದದ್ದು ಮೊಬೈಲಿನ ಚಾರ್ಜರು.

"ಇದು ನಿಮ್ದು, ಕಾಶಕ್ಕ."

"ನಿನ್ ಹತ್ರ ಹೆಂಗೆ ಬಂತು?"

"ನಮ್ಮದು ಕೆಟ್ಟಿತ್ತು. ಆ ದಿನ ಬೆಳಿಗ್ಗೆ ಪ್ರಗತಿನೇ ತಂದುಕೊಟ್ಟಿದ್ಲು. 'ಸಂಜಿಗೆ ಕೊಡೇ ದುರ್ಗಕ್ಕ' ಅಂದಿ ಹೋದ್ಲು." ದುರ್ಗಿಯ ಕಣ್ಣಲ್ಲಿ ನೀರು ಒಂದೇ ಸಮ ಇಳಿಯತೊಡಗಿತು. "ಸಂಜಿಗೆ ಯಾರಿಗೆ ಕೊಡೂದು ನಾನು? ಇಷ್ಟು ದಿನ ಅಕ್ಕಿ ಡಬ್ಬಿಯೊಳಗೆ ಹುಗಿಸಿಟ್ಟಿದ್ದೆ. ನನ್ ತಲೆ ಮೇಲೆ ಬರ್ತದೆ ಅಂತ ಹೆದ್ರಿಕೆ. ಪೊಲೀಸ್ರು ಚಾರ್ಜರ್ ಎಲ್ಲದೆ ಅಂತ ಕೇಳ್ಲೂ ಇಲ್ಲ, ನಾ ಹೇಳ್ಲೂ ಇಲ್ಲ. ಈಗ ರಾಮಣ್ಣ ಸಭೇಲಿ ನಿತ್ಕಂಡು ಹೇಳ್ತ್ರಂತೆ ಅಂತ ಕೇಳಿ ಅನ್ನ ಇಳೀಲಿಲ್ಲ ನಂಗೆ."

ಕಾಶಿ ಚಾರ್ಜರನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಚಾರ್ಜರು ಅಲ್ಲಿತ್ತು, ಫೋನು ಇಲ್ಲಿತ್ತು. ಮಗಳು ಫೋನನ್ನು ಚಾರ್ಜಿಗೆ ಹಾಕಿದ್ದು ಎಲ್ಲಿ?

ಆಗ ಅವಳಿಗೆ ಕೊನೆಯ ಸಲ ಮಗಳನ್ನು ಮೀಯಿಸಿದ್ದು ನೆನಪಾಯಿತು. ಬಲಗೈ ಬೆಳ್ಳಗಿತ್ತು, ಏನೂ ಆಗಿರಲಿಲ್ಲ. ಫೋನು ಹಿಡಿದದ್ದು ಆ ಕೈ ಎಂದು ಮೊದಲು ನೋಡಿದ ದುರ್ಗಿಯೇ ಹೇಳಿದ್ದಳು. ಎಡ ಅಂಗೈಯ ಅಡ್ಡಕ್ಕೆ ಕಪ್ಪಗೆ ಒಂದು ಗೆರೆ ಇತ್ತು. ಬಲೆಯ ಹಗ್ಗ ಜಗ್ಗಿದವರ ಕೈಯಲ್ಲೆಲ್ಲ ಅಂಥ ಗೆರೆಗಳಿರುತ್ತವೆ. ರಾಮನ ಕೈಯಲ್ಲಿವೆ, ಅವನಪ್ಪನ ಕೈಯಲ್ಲಿದ್ದವು. ಹಗ್ಗದ ಗೆರೆ ಎಂದೇ ಕಾಶಿ ಅದರ ಮೇಲೆ ಅರಿಶಿನ ಹಚ್ಚಿದ್ದಳು. ಮಗಳು ಎಂದೂ ಬಲೆ ಎಳೆದವಳಲ್ಲ ಎಂಬುದು ಆಗ ಹೊಳೆದಿರಲಿಲ್ಲ.

ಅವಳು ಎದ್ದು ಅಂಗಳಕ್ಕೆ ಹೋಗಿ ಮಡಕೆ ಎತ್ತಿದಳು. ಹರಕು ಬಟ್ಟೆಯಲ್ಲಿ ಫೋನನ್ನು ಸುತ್ತಿ ಅಂಕೋಲೆಯ ಬಸ್ಸು ಹತ್ತಿದಳು.

ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಮಾಡುವ ಸೂರಜನ ಗೂಡಂಗಡಿಯಿತ್ತು. ಕಾಶಿ ಗಾಜಿನ ಮೇಲೆ ಗಂಟು ಇಟ್ಟಳು. "ತಮಾ, ಚಾರ್ಜಿಗೆ ಹಾಕ್ದೇ ಇದ್ರೆ ಇದು ಶಾಕ್ ಹೊಡಿತದ್ಯಾ?"

ಸೂರಜ ನಕ್ಕುಬಿಟ್ಟ. "ಎಂತ ಕಾಕಿ, ಹರಿತ ಕತ್ತೀಲಿ ಮೋರಿ ಮೀನು, ಶಾರ್ಕು, ಕೊಯ್ವರು ನೀವು, ಇದಕ್ಕೆ ಹೆದ್ರೂದಾ? ಚಾರ್ಜಿಗೆ ಹಾಕಿದಾಗ, ಚಾರ್ಜರ್ ಹಾಳಾಗಿದ್ರೆ, ಕೈ ಒದ್ದೆ ಇದ್ರೆ ಆವಾಗ ಬೇರೆ ಮಾತು. ಬರೀ ಫೋನು ಎಂತ ಮಾಡ್ತದೆ? ತಡಿ." ಫೋನಿನ ಬೆನ್ನು ಬಿಚ್ಚಿ ಬ್ಯಾಟರಿ ಹೊರತೆಗೆದು, ಒರೆಸಿ, ನಾಲಿಗೆ ತುದಿಗೆ ತಾಗಿಸಿದ. "ಇಷ್ಟೇ ಇದರ ಜೀವ. ಹುಣಸೆಹಣ್ಣು ನೆಕ್ಕಿದಂಗೆ ಆಗ್ತದೆ. ನೀವೂ ನೋಡಿ."

ಕಾಶಿ ಕಣ್ಣು ಮುಚ್ಚಿ ನಾಲಿಗೆ ಚಾಚಿದಳು. ಸ್ವಲ್ಪ ಹುಳಿ, ಸ್ವಲ್ಪ ಜುಮ್ಮ್. ಅಷ್ಟೇ. ಮಗಳನ್ನು ಕೊಂದದ್ದು ಎಂದು ಊರೆಲ್ಲ ಹೆದರಿದ ಕರೆಂಟು ಒಂದು ಹಸಿ ಮಾವಿನಕಾಯಿಯಷ್ಟೂ ಇರಲಿಲ್ಲ.

ಸೂರಜ ಬ್ಯಾಟರಿ ಹಾಕಿ ಫೋನು ಚಾಲೂ ಮಾಡಿದ. ಪುಟ್ಟ ಪರದೆ ಹಸಿರಾಯಿತು. "ಎರಡು ಮಿಸ್ಡ್ ಕಾಲ್ ಅದೆ ಕಾಕಿ, ಬಾಬಾ ಅಂತ. ತೆಗೂದಾ?" ಅಂದವನು ಅವಳ ಮುಖ ನೋಡಿದ. ಪೇಪರಿನಲ್ಲಿ ಓದಿದ್ದೆಲ್ಲ ಅವನಿಗೆ ಒಮ್ಮೆಲೇ ನೆನಪಿಗೆ ಬಂದಿರಬೇಕು. ನಗು ಎಲ್ಲಿ ಇಡಬೇಕೆಂದು ತಿಳಿಯದೆ ತಲೆ ತಗ್ಗಿಸಿದ.

"ಬ್ಯಾಡ. ಒಳಗೇ ಇರ್ಲಿ" ಎಂದಳು ಕಾಶಿ.

ವಾಪಸು ಬಸ್ಸಿನಲ್ಲಿ ಅವಳು ಹಗುರಾಗಬೇಕಿತ್ತು. ಗಂಡ ಕೊಂದಿಲ್ಲ. ಅವನ ರಿಂಗು ಕೊಂದಿಲ್ಲ. ಇದನ್ನು ಅವನಿಗೆ ಹೇಳಬೇಕು, ಈಗಲೇ ಹೇಳಬೇಕು. ಆದರೆ ಊರು ಹತ್ತಿರವಾಗುತ್ತಿದ್ದಂತೆ ಇನ್ನೊಂದು ಮಾತು ಬಸ್ಸು ಹತ್ತಿ ಅವಳ ಪಕ್ಕದಲ್ಲೇ ಕೂತಿತು. ಹಾಗಾದರೆ ಎಡಗೈಯಲ್ಲಿ ಹಿಡಿದದ್ದು ಏನು?

ಮೀನು ಒಣಗಿಸುವ ತಂತಿ. ತಗಡಿನ ಮಾಡಿನ ಕಬ್ಬಿಣದ ಪೈಪಿನಿಂದ ತೆಂಗಿನ ಮರಕ್ಕೆ ಬಿಗಿದದ್ದು. ಅದೇ ತಗಡಿನ ಮೇಲೆ, ಇಲಾಖೆಯವರು ಬಿಚ್ಚಿಕೊಂಡು ಹೋದ ಆ ಹಳೇ ವಾಯರು ಬಿದ್ದುಕೊಂಡು, ಕಡಲ ಗಾಳಿಗೆ ಸಿಪ್ಪೆ ಸುಲಿದು, ಒಳಗಿನ ತಾಮ್ರ ಹಲ್ಲು ಕಿರಿಯುತ್ತಿತ್ತು. ಆ ದಿನ ಮಳೆ ಬಂದಿತ್ತು. ಕೈ ತುಂಬ ಉಪ್ಪುನೀರು. ಎಡಗೈಯಲ್ಲಿ ತಂತಿ ಹಿಡಿದು ಮೀನು ಸಿಕ್ಕಿಸುತ್ತಿದ್ದ ಹುಡುಗಿ ಬಲಗೈಯಲ್ಲಿ ಫೋನು ತೆಗೆದು ನೋಡಿದಳು, ಅಷ್ಟೇ.

ಇಷ್ಟಾದರೆ ಆಗುತ್ತಿತ್ತು. ಇಷ್ಟೇ ಅಲ್ಲ. ಹಿಂದಿನ ಮಳೆಗಾಲದಲ್ಲೇ ಮಗಳು ಹೇಳಿದ್ದಳು: "ಆಯೀ, ತಂತಿ ಕಚ್ತದೆ."

ಮೀನು ಸೀಳಿ ಉಪ್ಪು ತುಂಬುವ ಹೆಂಗಸರ ಬೆರಳಿನ ತುಂಬ ಗಾಯ. ಮುಳ್ಳು ಚುಚ್ಚಿದ್ದು, ಕತ್ತಿ ತಾಗಿದ್ದು, ಉಪ್ಪು ತಿಂದು ಬಿರಿದದ್ದು. ಆ ಗಾಯಕ್ಕೆ ಉಪ್ಪುನೀರು ಇಳಿದರೆ ಮೊಣಕೈವರೆಗೆ ಚುರುಗುಡುತ್ತದೆ. ಹುಟ್ಟಿದಾಗಿನಿಂದ ಚುರುಗುಟ್ಟಿ ಚುರುಗುಟ್ಟಿ, ಕೈಗೆ ಏನು ಕಚ್ಚಿದರೂ ಉಪ್ಪು ಎನ್ನುವುದು ಅವರಿಗೆ ರೂಢಿ. ತಂತಿ ಮುಟ್ಟಿದಾಗ ಕಾಶಿಗೂ ಹಾಗಾಗುತ್ತಿತ್ತು. ಕೈ ಕೊಡವಿ ಸುಮ್ಮನಾಗುತ್ತಿದ್ದಳು. ಮಗಳಿಗೂ ಅದನ್ನೇ ಹೇಳಿದ್ದಳು, ನಗುತ್ತ: "ತಂತಿಗೆಂತ ಹಲ್ಲದ್ಯನೆ? ಉಪ್ಪು ಅದು. ನಾಕು ದಿನ ಕೆಲ್ಸ ಮಾಡು, ಚರ್ಮ ಗಟ್ಟಿ ಆಗ್ತದೆ."

ಬಸ್ಸು ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ. ಕಂಡಕ್ಟರ್ ಕೂಗಿ ಇಳಿಸಬೇಕಾಯಿತು.

ಹೊತ್ತು ಮುಳುಗುತ್ತಿತ್ತು. ರಾಮಾ ದೋಣಿಯ ಮಗ್ಗುಲಲ್ಲಿ ಕೂತಿದ್ದ. ಕಾಶಿ ಹೋಗಿ ಎದುರಿಗೆ ಹೊಯಿಗೆಯಲ್ಲಿ ಕೂತು ಬಟ್ಟೆಯ ಗಂಟು ಬಿಚ್ಚಿದಳು. ಫೋನು ಕಂಡದ್ದೇ ಅವನು ಹಿಂದಕ್ಕೆ ಸರಿದ.

"ಹೆದ್ರಬ್ಯಾಡಿ. ನಾಲ್ಗೆ ಹೊರಗೆ ಹಾಕಿ."

"ಎಂತಕೆ?"

"ಹಾಕಿ ಅಂದೆ ಅಲ್ದಾ."

ಮಗುವಿನ ಹಾಗೆ ಅವನು ನಾಲಿಗೆ ಚಾಚಿದ. ಅವಳು ಬ್ಯಾಟರಿ ತಾಗಿಸಿದಳು. ಅವನ ಹುಬ್ಬು ಕೂಡಿತು, ಬಿಟ್ಟಿತು.

"ಎಂತ ಆಯ್ತು?"

"ಹುಳಿ ಅದೆ."

"ಅಷ್ಟೇ ಇರೂದು ಇದರಲ್ಲಿ. ಚಾರ್ಜರ್ ದುರ್ಗಿ ಮನೇಲಿತ್ತು, ಇವತ್ತು ತಂದುಕೊಟ್ಲು. ನಿಮ್ಮ ರಿಂಗಿಂದ ಸತ್ತದ್ದಲ್ಲ ಅದು. ನಾ ಅಂದ ಮಾತು ಸುಳ್ಳು. ಕೇಳ್ತ್ರಿ? ಸುಳ್ಳು."

ರಾಮಾ ಬ್ಯಾಟರಿಯನ್ನು ಅವಳ ಕೈಯಿಂದ ತೆಗೆದು ಇನ್ನೊಮ್ಮೆ ನಾಲಿಗೆಗೆ ತಾಗಿಸಿ ನೋಡಿದ. "ಹಂಗಾರೆ ಎಂತದ್ರಿಂದ?"

ಕಾಶಿ ಹೇಳಿದಳು. ವಾಯರು, ತಗಡು, ತಂತಿ ಎಲ್ಲ ಹೇಳಿದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ತಂತಿ ಕಚ್ತದೆ ಅಂದಿತ್ತು ಮಗು. ನಾನು ಉಪ್ಪು ಅಂದೆ" ಎಂದಳು. ಅಂದದ್ದೇ ಹೊಯಿಗೆಯನ್ನು ಎರಡೂ ಕೈಯಿಂದ ಬಾಚಿ ತಲೆಗೆ ಸುರಿದುಕೊಳ್ಳತೊಡಗಿದಳು. ರಾಮಾ ಅವಳ ಕೈ ಹಿಡಿದ. ಹಿಡಿದು, ಅಂಗೈ ಬಿಡಿಸಿ, ಬೆರಳಿನ ಒಂದೊಂದು ಗಾಯವನ್ನೂ ನೋಡಿದ. ಅಷ್ಟು ವರ್ಷ ಜೊತೆಗೆ ಬಾಳಿ ಅವನು ಆ ಕೈಯನ್ನು ಹಾಗೆ ನೋಡಿದ್ದು ಅದೇ ಮೊದಲು.

"ಈ ಮಾತು ಯಾರಿಗೂ ಹೇಳ್ಬ್ಯಾಡ" ಎಂದ. "ಊರಿನವ್ರು ನಿನ್ನ ತಿಂದುಬಿಡ್ತ್ರು. ತಾಯೇ ಕೊಂದ್ಲು ಅಂತ್ರು. ಹೆಂಗೂ ಎಲ್ಲರೂ ನಂದು ಅಂದ್ಕಂಡಾರೆ. ನಂದೇ ಇರ್ಲಿ. ನಾ ಹೊರ್ತೆ."

"ನಿಮ್ದಲ್ಲ ಅಂದಿ ಈಗ ಹೇಳ್ದೆ ಅಲ್ದಾ?"

"ಯಾರದ್ದಾದ್ರೂ ಆಗ್ಬೇಕಲೆ. ನಂದೇ ಇರ್ಲಿ."

ಇದನ್ನು ಹೇಳುವಾಗ ಹೊಟ್ಟೆ ಉರಿಯುತ್ತದೆ. ಕಂಬ ಇಲಾಖೆಯದು, ವಾಯರು ಇಲಾಖೆಯದು, ಕೇಳಿಯೂ ಬಾರದ ಲೈನ್‌ಮನ್ ಇಲಾಖೆಯವನು. ಅವರು ತೊಳೆದ ಕೈ ಒರೆಸಿಕೊಂಡು ಊಟಕ್ಕೆ ಹೋಗಿದ್ದರು. ಇಲ್ಲಿ ಹೊಯಿಗೆಯ ಮೇಲೆ ಗಂಡ ಹೆಂಡತಿ ಕೂತು, ಮಗಳ ಸಾವು ನಂದು ನಂದು ಎಂದು ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಳ್ಳುತ್ತಿದ್ದರು.

ಸಭೆಯ ದಿನ ಶಾಲೆಯ ಹಾಲು ತುಂಬಿತ್ತು. ವೇದಿಕೆಯ ಹಿಂದೆ ಬ್ಯಾನರು ಕಟ್ಟಿದ್ದರು: 'ಮೊಬೈಲ್ ಬಳಕೆ, ಇರಲಿ ಎಚ್ಚರಿಕೆ'. ಅದರ ಮೂಲೆಯಲ್ಲಿ ಪ್ರಗತಿಯ ಚಿತ್ರ, ಶಾಲೆಯ ಗುಂಪು ಫೋಟೋದಿಂದ ಕತ್ತರಿಸಿದ್ದು. ಪಕ್ಕದ ಗೆಳತಿಯ ಕೈ ಇನ್ನೂ ಅವಳ ಹೆಗಲ ಮೇಲೇ ಉಳಿದುಕೊಂಡಿತ್ತು. ಅದನ್ನು ಹಾಕಲು ಕಾಶಿಯನ್ನಾಗಲಿ ರಾಮನನ್ನಾಗಲಿ ಯಾರೂ ಕೇಳಿರಲಿಲ್ಲ. ದುರ್ಗಿ ಅವಳ ಕೈ ಒತ್ತಿ ಹಿಡಿದಳು.

ಸಾಹೇಬರು ಒಳ್ಳೆಯ ಕನ್ನಡದಲ್ಲಿ ಮಾತಾಡಿದರು. ವಿಜ್ಞಾನ ಎಂದರು, ಅಜ್ಞಾನ ಎಂದರು. ತಿಳಿಯದ ಜನರ ಕೈಗೆ ತಿಳಿಯದ ವಸ್ತು ಬಂದರೆ ಹೀಗಾಗುತ್ತದೆ ಎಂದರು. ಹಾಲಿನೊಳಗೂ ರಬ್ಬರ್ ಚಪ್ಪಲಿ ಹಾಕಿಕೊಂಡೇ ಕೂತಿದ್ದ ಹೊನ್ನು ತಲೆದೂಗಿದಳು. ಆಮೇಲೆ ನಿತೇಶ ಮೈಕು ಹಿಡಿದು, "ಈಗ ಮೃತ ಹುಡುಗಿಯ ತಂದೆ ನಮ್ಮ ರಾಮಣ್ಣ ತಮ್ಮ ಅನುಭವ ಹೇಳ್ತ್ರು" ಎಂದ.

ರಾಮಾ ಎದ್ದ. ತೊಳೆದು ಮಡಚಿಟ್ಟ ಅಂಗಿ ಹಾಕಿಕೊಂಡು ಬಂದಿದ್ದ. ಅವನು ಹೆಜ್ಜೆ ಇಡುವ ಮೊದಲೇ ಹೆಂಗಸರ ಸಾಲಿನಿಂದ ಕಾಶಿ ಎದ್ದು ಅಡ್ಡ ಬಂದಳು.

"ಕೂತ್ಕಣಿ ನೀವು."

"ಕಾಶೀ, ಬ್ಯಾಡ..."

"ಕೂತ್ಕಣಿ ಅಂದೆ."

ಅವನು ಕೂತ. ಅವಳೇ ವೇದಿಕೆ ಹತ್ತಿದಳು. ನಿತೇಶ ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದು, ಮೆಲ್ಲಗೆ, "ಹೆದ್ರಬೇಡ ಕಾಶಕ್ಕ. ನಾ ಹೇಳಿದಷ್ಟೇ ಹೇಳು. ನನ್ನ ಮಗಳು ಮೊಬೈಲಿಂದ ಸತ್ಲು ಅಂತ" ಎಂದ.

"ಹೇಳೂದಿಲ್ಲ" ಎಂದಳು ಕಾಶಿ. ಮೈಕು ಚಾಲೂ ಇತ್ತು. ಮಾತು ಹಾಲಿನ ಮೂಲೆ ಮೂಲೆಗೂ ಕೇಳಿಸಿತು.

ಸಾಹೇಬರು ಕುರ್ಚಿಯಲ್ಲೇ ಮುಂದೆ ಬಾಗಿದರು. "ನೋಡಮ್ಮಾ, ದುಃಖ ನಮಗೂ ಅರ್ಥವಾಗುತ್ತದೆ. ಇದು ನಾಲ್ಕು ಜನರ ಜೀವ ಉಳಿಸುವ ಕೆಲಸ."

"ಜೀವ ಉಳಿಸೂದಾದ್ರೆ ಖರೇ ಹೇಳ್ವ ಸಾಹೇಬ್ರೆ. ಚಾರ್ಜರ್ ಆ ದಿನ ನಮ್ಮನೇಲಿ ಇರ್ಲೇ ಇಲ್ಲ. ಫೋನು ಬರೀ ಕೈಲಿತ್ತು. ಬ್ಯಾಟರಿ ನಾ ನೆಕ್ಕಿ ನೋಡಿದ್ದೆ, ಇವ್ರೂ ನೋಡಿದ್ರು, ಇಬ್ರೂ ಬದುಕಿದ್ದು. ಮಗು ಹಿಡ್ಕಂಡಿದ್ದು ತಂತಿ. ತಂತಿಗೆ ಕರೆಂಟು ಬಂದದ್ದು ನಿಮ್ಮ ವಾಯರಿಂದ. ನನ್ನ ಗಂಡ ಕೊಟ್ಟ ರಿಂಗಿಂದ ಅಲ್ಲ."

"ಮೊದಲೇ ಗೊತ್ತಿದ್ದರೆ ತಂತಿ ಯಾಕೆ ಮುಟ್ಟಿಸಿದಿರಿ?" ಸಾಹೇಬರ ದನಿ ಈಗ ಬೇರೆಯಾಗಿತ್ತು. "ತಾಯಿಯಾಗಿ ನಿಮಗೆ ಜವಾಬ್ದಾರಿ ಇರಲಿಲ್ಲವೇ?"

ಕೆಳಗೆ ರಾಮಾ ಮುಖ ಮುಚ್ಚಿಕೊಂಡ. ಆ ಪ್ರಶ್ನೆಯನ್ನು ಕಾಶಿ ತನಗೆ ತಾನೇ ಎಷ್ಟು ಸಲ ಕೇಳಿಕೊಂಡಿದ್ದಳೆಂದು ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಸರಿಯಾಗಿ ಅಲ್ಲಿಗೇ ಹೊಡೆದಿದ್ದ.

"ಇತ್ತು" ಎಂದಳು. "ಮಗು ತಂತಿ ಕಚ್ತದೆ ಅಂತು, ನಾನು ಉಪ್ಪು ಅಂದೆ. ಅದ್ನ ನಾ ಸಾಯೂ ತನಕ ಉಣ್ತೆ. ಅದು ನನ್ನ ಪಾಲು. ನಿಮ್ಮ ಪಾಲನ್ನೂ ನಾನೇ ಉಣ್ಣೂಕೆ ಆಗೂದಿಲ್ಲ ಸಾಹೇಬ್ರೆ. ಕಿಡಿ ಹಾರ್ತದೆ ಅಂದಿ ಈ ಕೇರಿ ಹೆಂಗಸ್ರೆಲ್ಲ ನಿಮ್ಮವ್ರಿಗೆ ಹೇಳಿದ್ರು."

ಹಾಲಿನಲ್ಲಿ ಗುಸುಗುಸು ಎದ್ದಿತು. "ನಾವೆಲ್ಲ ಹೇಳಿದ್ದು ಹೌದು" ಎಂದು ದುರ್ಗಿ ಕೂತಲ್ಲಿಂದಲೇ ಅಂದಳು. ನಿತೇಶ ಮೈಕನ್ನು ಎಳೆದುಕೊಂಡ. ಕಾಶಿ ಬಿಡಲಿಲ್ಲ, ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಕಾಶಕ್ಕ, ಕೇರಿಗೇ ಕೇಡು ತರ್ತೆ ನೀನು. ಕೆಳಗೆ ಇಳಿ."

"ಇಳೂದಿಲ್ಲ."

"ಏನೂ ಹೇಳ್ಬೇಡ, ಆಯ್ತಾ? ಕೈ ಮುಗಿತೆ. ಇಳಿ ಈಗ."

"ಇಳೂದಿಲ್ಲ" ಎಂದಳು ಕಾಶಿ.